ಐರ್ಲೆಂಡ್‌ನಲ್ಲಿ 7 ದಿನ, ಅಪ್ಪ ಅಮ್ಮ ಮಕ್ಕಳ ಜೊತೆ: ಈ ಪ್ಲಾನ್ ಆಗತ್ತಾ?

ಮೈಸೂರ್‌ಪಾಕ್:
ಜೂನ್‌ನಲ್ಲಿ ಹೊರಟಿದೀವಿ. ನಾವಿಬ್ರು, ಅಪ್ಪ ಅಮ್ಮ, 4 ಮತ್ತು 9 ವರ್ಷದ ಮಕ್ಕಳು. ಡಬ್ಲಿನ್‌ನಲ್ಲಿ ಕಾರ್ ತಗೊಂಡು ಕ್ಲಿಫ್ಸ್ ಆಫ್ ಮೊಹರ್, ಡಿಂಗಲ್, ರಿಂಗ್ ಆಫ್ ಕೆರಿ ಸುತ್ತುರಸ್ತೆ, ಆಮೇಲೆ ಉತ್ತರಕ್ಕೆ ಜೈಂಟ್ಸ್ ಕಾಸ್‌ವೇ. 7 ಸೀಟರ್ ಸಾಕಾ?

ಹಸಿರುದಾರಿ:
ಮೊದ್ಲು ಜೈಂಟ್ಸ್ ಕಾಸ್‌ವೇ ಬಿಡಿ. ಅದು ಉತ್ತರ ಐರ್ಲೆಂಡ್, ಅಂದ್ರೆ ಯುಕೆ. ಗಡೀಲಿ ಗೇಟಿಲ್ಲ, ಕೇಳೋರೂ ಇಲ್ಲ. ಹಾಗಂತ ಬರೀ ಐರಿಶ್ ವೀಸಾದಲ್ಲಿ ದಾಟೋ ಹಾಗಿಲ್ಲ. ವೀಸಾ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಶ್ ವೀಸಾ ಸ್ಕೀಮ್) ಅಂತ ನಮೂದಾಗಿರಬೇಕು, ಇಲ್ಲಾಂದ್ರೆ ಯುಕೆ ವೀಸಾ ಬೇರೆ ಬೇಕು.

ಡಬ್ಲಿನ್ 1 ರಾತ್ರಿ, ಕ್ಲಿಫ್ಸ್ ಹತ್ರದ ಡೂಲಿನ್ 2, ರಿಂಗ್ ಆಫ್ ಕೆರಿಗೆ ಹೊರಡೋ ಊರು ಕಿಲ್ಲಾರ್ನಿ 3. ಕಾರನ್ನ ಎರಡನೇ ದಿನ ತಗೊಳ್ಳಿ, ನಿದ್ದೆಗಣ್ಣಲ್ಲಿ ಸ್ಟೇರಿಂಗ್ ಬೇಡ. ಕೊನೇ ದಿನ ಡಬ್ಲಿನ್‌ಗೆ 300 ಕಿ.ಮೀ. ಮೇಲಿದೆ, ಸಂಜೆ ಫ್ಲೈಟ್ ಆದ್ರೆ ಮಾತ್ರ ಸರಿಹೋಗತ್ತೆ.

ರಿಂಗ್ ಆಫ್ ಕೆರಿ 179 ಕಿ.ಮೀ. ಮ್ಯಾಪ್ ಏನೇ ತೋರ್ಸಲಿ, ಇಡೀ ದಿನ ಇಡಿ. ಟೂರ್ ಬಸ್‌ಗಳು ಕಿಲ್ಲಾರ್ನಿಯಿಂದ ಕಿಲ್ಲೋರ್ಗ್ಲಿನ್ ಕಡೆ, ಅಪ್ರದಕ್ಷಿಣೆಯಾಗಿ ಹೋಗ್ತವೆ. ಬೆಳಗ್ಗೆ 8ರೊಳಗೆ ಹೊರಟು ಅದೇ ದಿಕ್ಕಲ್ಲಿ ಅವುಗಳಿಗಿಂತ ಮುಂದಿರಿ. ಪ್ರದಕ್ಷಿಣೆ ಹೋದ್ರೆ ಬಸ್ ಹಿಂದೆ ತೆವಳೋದು ತಪ್ಪತ್ತೆ, ಆದ್ರೆ ಇಕ್ಕಟ್ಟಿನ ತಿರುವಲ್ಲಿ ಎದುರಾದ್ರೆ ರಿವರ್ಸ್ ತೆಗಿಬೇಕಾಗೋದು ನೀವೇ. ಡಿಂಗಲ್‌ನ ಸ್ಲೇ ಹೆಡ್ ಸುತ್ತುರಸ್ತೆ ಮಾತ್ರ ಪ್ರದಕ್ಷಿಣೆಯಾಗೇ ಹೋಗಿ, ಅಲ್ಲಿ ಎಲ್ಲರೂ ಹಾಗೇ ಹೋಗೋದು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಗೇರ್‌ಬಾಕ್ಸ್:
7 ಸೀಟರ್ ಸಾಕಾಗಲ್ಲ. ಹಿಂದಿನ ಸಾಲಿನ ಸೀಟ್ ಎತ್ತಿದ್ರೆ ಡಿಕ್ಕಿಲಿ ಒಂದೆರಡು ಸಣ್ಣ ಬ್ಯಾಗಷ್ಟೇ. 9 ಸೀಟರ್ ವ್ಯಾನ್ ತಗೊಳ್ಳಿ. ಆದ್ರೆ ಡಿಂಗಲ್ ಹತ್ರ ಕಾನರ್ ಪಾಸ್ ಘಾಟಿ ರಸ್ತೆಲಿ 2 ಟನ್ ಮೀರಿದ ಗಾಡಿಗೆ ಪ್ರವೇಶವಿಲ್ಲ, ಇಂಚ್ ಬೀಚ್ ಪಕ್ಕದ ರಸ್ತೆಲಿ ಹೋಗಿ. ಆಟೋಮ್ಯಾಟಿಕ್ ಬೇಕಂದ್ರೆ ಈಗ್ಲೇ ಬುಕ್ ಮಾಡಿ.

ಡ್ರೈವಿಂಗ್ ನಮ್ಮಲ್ಲಿ ಹಾಗೇ ಎಡಕ್ಕೆ. ಆದ್ರೂ ಎದುರು ಗಾಡಿ ಬಂದಾಗ ಹೆದರಿ ಪೂರ್ತಿ ಎಡಕ್ಕೆ ಒತ್ತಿದ್ರೆ, ಪೊದೆಯೊಳಗಿರೋ ಕಲ್ಲುಗೋಡೆಗೆ ಟೈರ್ ಉಜ್ಜತ್ತೆ. ಸಾದಾ ಇನ್ಶೂರೆನ್ಸ್‌ನಲ್ಲಿ ಟೈರ್, ಗಾಜು, ತಳಭಾಗ ಎಷ್ಟೋ ಸಲ ಸೇರಿರಲ್ಲ, ಕೇಳಿ ನೋಡಿ. 150 ಸೆಂ.ಮೀ.ಗಿಂತ ಕುಳ್ಳಗಿರೋ ಮಕ್ಕಳಿಗೆ ಮಕ್ಕಳ ಸೀಟ್ ಕಡ್ಡಾಯ, ದೊಡ್ಡವನಿಗೂ ಬೂಸ್ಟರ್ ಬೇಕಾಗತ್ತೆ. ಡಬ್ಲಿನ್‌ನ ಎಂ50 ಹೆದ್ದಾರಿಲಿ ಟೋಲ್ ಬೂತ್ ಇಲ್ಲ, ಕ್ಯಾಮೆರಾ ನಂಬರ್ ಹಿಡಿಯತ್ತೆ; ಮಾರನೇ ದಿನ ರಾತ್ರಿ 8ರೊಳಗೆ ಆನ್‌ಲೈನ್‌ನಲ್ಲಿ ಕಟ್ಟಿ.

ಮೈಸೂರ್‌ಪಾಕ್:
ಅಮ್ಮ ಶುದ್ಧ ಸಸ್ಯಾಹಾರಿ. ಡೂಲಿನ್‌ನಿಂದ ಕಿಲ್ಲಾರ್ನಿಗೆ ಲಿಮರಿಕ್ ಮೇಲೇ ಹೋಗ್ಬೇಕಾ?

ಹಸಿರುದಾರಿ:
ಬೇಡ. ಕಿಲ್ಲಿಮರ್‌ನಲ್ಲಿ ಗಾಡಿ ಸಮೇತ ಫೆರಿ ಹತ್ತಿ, 20 ನಿಮಿಷಕ್ಕೆ ಟಾರ್ಬರ್ಟ್. ವೆಜಿಟೇಬಲ್ ಸೂಪ್ ಅಂತ ಬರೆದಿದ್ರೂ ಚಿಕನ್ ಸ್ಟಾಕ್ ಹಾಕಿದಾರಾ ಕೇಳಿ. ಜೂನ್‌ನಲ್ಲಿ ರಾತ್ರಿ 10ರವರೆಗೂ ಬೆಳಕಿರತ್ತೆ, ಹಳ್ಳಿ ಪಬ್‌ನ ಅಡುಗೆಮನೆ ಮಾತ್ರ 9ಕ್ಕೇ ಮುಚ್ಚಿರತ್ತೆ. 7ಕ್ಕೇ ಊಟ ಮುಗಿಸಿ, ಆಮೇಲೆ ಸುತ್ತಾಡಿ.