ಮೇಷ್ಟ್ರು, ಲಾಯರ್ ಮತ್ತು ಮುಗಿಯದ ಇತಿಹಾಸ

"ಇತಿಹಾಸ ಮುಗಿದೇ ಹೋಯ್ತು ಅಂತ ಯಾರೋ ಬರೆದಿದ್ದಾರಂತೆ. ಹಾಗಾದ್ರೆ ಮೇಷ್ಟ್ರ ಪಿಂಚಣಿ ನಿಲ್ಲಿಸಬೇಕಲ್ವಾ?" ಎಂದು ಲಾಯರ್ ಕೆಣಕಿದರು.

ನಮ್ಮ ಮೇಷ್ಟ್ರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಸುಮ್ಮನಿರುತ್ತಾರೆಯೇ? "ಯಾರೋ ಅಲ್ಲ, ಅಮೆರಿಕದ ರಾಜಕೀಯ ಚಿಂತಕ ಫ್ರಾನ್ಸಿಸ್ ಫುಕುಯಾಮಾ. 1989ರಲ್ಲಿ ಬರೆದ. ಯಾವ ಆಡಳಿತ ಸರಿ ಅನ್ನೋ ವಾದ ಮುಗೀತು, ಪ್ರಜಾಪ್ರಭುತ್ವ ಗೆದ್ದಿತು ಅಂದ. ಅದೇ ನವೆಂಬರಿನಲ್ಲಿ ಕಮ್ಯುನಿಸ್ಟರು ಕಟ್ಟಿದ್ದ ಬರ್ಲಿನ್ ಗೋಡೆ ಬಿತ್ತು! ಯುದ್ಧಗಳೇ ನಿಂತುಹೋಗ್ತವೆ ಅಂತ ಮಾತ್ರ ಅವನು ಹೇಳಲಿಲ್ಲ."

ಓದದೆ ನಗುವವರು ಈ ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ. ನಾವೂ ಬಿಟ್ಟೆವು.

ಮೇಷ್ಟ್ರು ಮುಂದುವರಿಸಿದರು: "ಅವನಿಗೆ ಪಾಠ ಹೇಳಿದ ಪ್ರೊಫೆಸರ್ ಹಂಟಿಂಗ್ಟನ್ ಒಪ್ಪಲಿಲ್ಲ. ಇನ್ಮುಂದೆ ಜಗಳ ನಾಗರಿಕತೆಗಳ ನಡುವೆ ಅಂತ 1993ರಲ್ಲಿ ಬರೆದ."

"ಶಿಷ್ಯ ಮುಗೀತು ಅಂದ್ರೆ ಗುರು ಈಗ ಶುರು ಅಂದನೇ!" ಎಂದು ಬ್ಯಾಂಕ್ ಮ್ಯಾನೇಜರ್ ನಕ್ಕರು.

"ಕೇಳಿ. ರಷ್ಯಾ, ಉಕ್ರೇನ್ ಎರಡೂ ಸ್ಲಾವ್ ಜನಾಂಗ, ಎರಡೂ ಹೆಚ್ಚಾಗಿ ಆರ್ಥಡಾಕ್ಸ್ ಕ್ರೈಸ್ತರು. ನಾಗರಿಕತೆಯೇ ಮುಖ್ಯ ಅನ್ನೋದಾದ್ರೆ ಅಲ್ಲಿ ಹೊಡೆದಾಟದ ಸಾಧ್ಯತೆ ಕಡಿಮೆ ಅಂತಲೂ ಆ ಗುರು ಬರೆದಿದ್ದ. 2014ರಲ್ಲಿ ಉಕ್ರೇನಿನ ಕ್ರೈಮಿಯಾ ರಷ್ಯಾದ ಕೈಗೆ ಹೋಯ್ತು. 2022ರಲ್ಲಿ ರಷ್ಯಾದ ಟ್ಯಾಂಕುಗಳೇ ನುಗ್ಗಿದವು."

ಲಾಯರ್ ಮೇಜು ಕುಟ್ಟಿದರು. "ಒಂದೇ ಕುಲದವರು ಹೊಡೆದಾಡಲ್ಲ ಅಂತ ಯಾರ್ರೀ ಹೇಳಿದ್ದು? ಪಾಲಿನ ಕೇಸು ಹಾಕೋಕೆ ನೆಂಟಸ್ತಿಕೆ ಇರಲೇಬೇಕು. ನನ್ನ ಕಕ್ಷಿದಾರರೆಲ್ಲ ಅಣ್ಣ-ತಮ್ಮಂದಿರೇ. ಕುರುಕ್ಷೇತ್ರದಲ್ಲಿ ಎದುರಿಗೆ ನಿಂತವರು ಪರದೇಶಿಗಳಾ?"

ಹಂಟಿಂಗ್ಟನ್‌ಗೆ ಒಬ್ಬ ಸಿವಿಲ್ ಲಾಯರ್ ಸಿಕ್ಕಿದ್ದರೆ ಪುಸ್ತಕ ಬೇರೆ ಥರ ಇರುತ್ತಿತ್ತೇನೋ.

ಮ್ಯಾನೇಜರ್ ಹಳೇ ಯೂನಿಯನ್ ಲೀಡರ್. "ಅದಕ್ಕೇ ಮಾರ್ಕ್ಸ್ ಹೇಳಿದ್ದು, ಎಲ್ಲವೂ ವರ್ಗಗಳ ಜಗಳ ಅಂತ."

"ಮಾರ್ಕ್ಸ್ ಬಿಡಿ," ಎಂದರು ಮೇಷ್ಟ್ರು. " 1980ರ ಹೊತ್ತಿಗೆ ಕಮ್ಯುನಿಸಂ ಬಹುಮಟ್ಟಿಗೆ ಕಟ್ಟಿ ಮುಗಿಸ್ತೀವಿ ಅಂತ ಸೋವಿಯತ್ ನಾಯಕ ಕ್ರುಶ್ಚೇವ್‌ನ ಪಕ್ಷ 1961ರಲ್ಲಿ ಬರೆದುಕೊಟ್ಟಿತ್ತು. 1980ರಲ್ಲಿ ಮಾಸ್ಕೋಗೆ ಬಂದದ್ದು ಒಲಿಂಪಿಕ್ಸ್!"

ಮ್ಯಾನೇಜರ್ ಚಟ್ನಿ ಕೇಳುವ ನೆಪದಲ್ಲಿ ಆಚೆ ತಿರುಗಿದರು.

ಮೇಷ್ಟ್ರು ದನಿ ತಗ್ಗಿಸಿದರು. "ತಮಾಷೆ ಏನು ಗೊತ್ತಾ? ಫುಕುಯಾಮಾ, ಹಂಟಿಂಗ್ಟನ್ ಇಬ್ಬರ ಲೇಖನದ ಹೆಸರಿನ ಕೊನೆಗೂ ಪ್ರಶ್ನಾರ್ಥಕ ಚಿಹ್ನೆ ಇತ್ತು. 1992ರಲ್ಲಿ ಒಂದು, 1996ರಲ್ಲಿ ಇನ್ನೊಂದು ಪುಸ್ತಕವಾದಾಗ ಎರಡರಲ್ಲೂ ಅದು ಮಾಯ!"

"ಅನುಮಾನಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದರು ಮ್ಯಾನೇಜರ್, ಚಟ್ನಿ ಸಮೇತ ವಾಪಸಾಗಿ.

"ಹಾಗಾದ್ರೆ ಮುಂದೇನಾಗುತ್ತೆ, ಮೇಷ್ಟ್ರೇ?" ನಾನು ಕೇಳಿದೆ.

ಉತ್ತರ ಲಾಯರ್ ಕೊಟ್ಟರು: "ತೀರ್ಪು ಕೇಳಬೇಡ್ರೀ. ಮುಂದಿನ ತಾರೀಖು ಕೇಳಿ."