ಕಿಲ್ಲಿಂಗ್ ಜೋಕ್: ಹಳೆ ಬಣ್ಣವೋ, ಹೊಸದೋ?

ಪ್ರಶ್ನೆ: ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್‌ನ ಪೂರ್ವಕಥೆಯಿರುವ ‘ಕಿಲ್ಲಿಂಗ್ ಜೋಕ್’ ಕಾಮಿಕ್ಸ್ ಓದಬೇಕು. 1988ರ ಬಣ್ಣದ್ದು ಕೊಳ್ಳಲೋ, 2008ರದ್ದೋ?

ಉತ್ತರ 1: ಮೊದಲ ಓದಿಗೆ 2008ರದ್ದು. ಚಿತ್ರಕಾರ ಬ್ರಯಾನ್ ಬೊಲ್ಲಂಡ್ ಅವರೇ ಬಣ್ಣ ಬದಲಿಸಿದ್ದಾರೆ. ಜೋಕರ್ ಸೋತ ಹಾಸ್ಯಗಾರನಾಗಿದ್ದ ಹಿಂದಿನ ಬದುಕು ಬಹುತೇಕ ಕಪ್ಪು-ಬಿಳುಪು, ಆಯ್ದ ವಸ್ತುಗಳಿಗಷ್ಟೇ ಕೆಂಪು. ಕಾಲ ಜಿಗಿದದ್ದು ಥಟ್ಟನೆ ತಿಳಿಯುತ್ತದೆ.

ಉತ್ತರ 2: ನಾನೊಪ್ಪಲ್ಲ. 1988ರಲ್ಲಿ ಜಾನ್ ಹಿಗಿನ್ಸ್ ಹಾಕಿದ್ದ ಕಣ್ಣು ಕುಕ್ಕುವ ಬಣ್ಣವಿಲ್ಲದೆ ಕಥೆಯ ಪಾಳು ಮೋಜಿನ ಪಾರ್ಕು ಸಪ್ಪೆ. ಬ್ಯಾಟ್‌ಮ್ಯಾನ್ ಎದೆಯ ಹಳದಿ ವೃತ್ತವನ್ನೂ ಅಳಿಸಿಬಿಟ್ಟಿದ್ದಾರೆ! ಕೊಳ್ಳುವ ಮುನ್ನ ಅದನ್ನೇ ನೋಡಿ. ಹಳದಿ ಇದ್ದರೆ ಹಳೆಯದು.

ಉತ್ತರ 3: ಯಾವುದಾದರೂ ಸರಿ, ಜೋಡಣೆ ಗಮನಿಸಿ. ವರ್ತಮಾನದ ಕೊನೆಯ ಚಿತ್ರಚೌಕದ ಭಂಗಿಯೇ ನೆನಪಿನ ಮೊದಲ ಚೌಕದಲ್ಲೂ ಇರುತ್ತದೆ. ಗರ್ಭಿಣಿ ಹೆಂಡತಿಯ ಸಾವು, ಅದೇ ದಿನದ ಕಳ್ಳತನ, ರಾಸಾಯನಿಕದ ನೀರು, ಇದೆಲ್ಲ ನಿಜವೆಂದು ನಂಬಬೇಡಿ. ಒಮ್ಮೊಮ್ಮೆ ಒಂದೊಂದು ಥರ ನೆನಪಾಗುತ್ತದೆಂದು ಜೋಕರ್ ತಾನೇ ಹೇಳುತ್ತಾನೆ.