ಕುತ್ತಿಗೆಯ ಡಯಾಲಿಸಿಸ್ ಟ್ಯೂಬ್ ಇರುವಾಗ ಚಳಿ ನಡುಕ: ಅನುಭವ ಇದ್ದವರು ಹೇಳಿ

ಪೆರ್ಲದಿಂದ:
ಅಪ್ಪನಿಗೆ ಕುತ್ತಿಗೆಯಲ್ಲಿ ಪರ್ಮ್‌ಕ್ಯಾತ್, ಅಂದರೆ ಡಯಾಲಿಸಿಸ್‌ಗೆ ರಕ್ತನಾಳಕ್ಕೆ ಇಳಿಸುವ ಟ್ಯೂಬ್, ಹಾಕಿದ್ದಾರೆ. ಮೊನ್ನೆ ಮಷಿನ್ ಶುರುವಾಗಿ ಸ್ವಲ್ಪ ಹೊತ್ತಿಗೇ ನಡುಕ ಬಂತು, ಮನೆಗೆ ಬಂದ ಮೇಲೆ ಸರಿಯಾಯಿತು. ಟ್ಯೂಬ್ ಹೊರಬರುವ ಜಾಗ ಕೆಂಪಾಗಿಲ್ಲ, ಕೀವೂ ಇಲ್ಲ. ಇದು ಇನ್‌ಫೆಕ್ಷನ್ ಇರಬಹುದಾ? ಮಳೆಗಾಲ ಬೇರೆ. ಮನೆಯಲ್ಲಿ ಇಂಥ ಟ್ಯೂಬ್ ನೋಡಿಕೊಂಡವರು ದಯವಿಟ್ಟು ಹೇಳಿ.

ಬದಿಯಡ್ಕದಿಂದ:
ಅಕ್ಕ, ಮುಂದಿನ ಡಯಾಲಿಸಿಸ್ ತನಕ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ನಮ್ಮ ಅಮ್ಮನಿಗೂ ಹೀಗೇ ಆಗಿತ್ತು. ಮಷಿನ್‌ಗೆ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ಹಲ್ಲು ಕಟಕಟ ಅನ್ನುವ ಚಳಿ, ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಮಂಚವೇ ಅಲುಗಾಡುತ್ತಿತ್ತು. ಹೊರಗೆ ಚರ್ಮದಲ್ಲಿ ಏನೂ ಇರಲಿಲ್ಲ. ಎಸಿ ಜಾಸ್ತಿಯಾಗಿ ಅಂತ ಪಕ್ಕದ ಮಂಚದವರು ಹೇಳಿದರು. ಆದರೆ ಸಿಸ್ಟರ್ ಕೂಡಲೇ ಡಾಕ್ಟರನ್ನು ಕರೆದರು. ಟ್ಯೂಬಿನಿಂದ ಒಂದು ಸಲ, ಕೈಯಿಂದ ಒಂದು ಸಲ ರಕ್ತ ತೆಗೆದು ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ) ಕಳಿಸಿ, ಆಮೇಲೆಯೇ ಆಂಟಿಬಯೋಟಿಕ್ ಚುಚ್ಚಿದರು. ಮೊದಲೇ ಮದ್ದು ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು, ಮತ್ತೆ ಯಾವ ಬ್ಯಾಕ್ಟೀರಿಯಾ, ಯಾವ ಮದ್ದು ಅಂತ ಅಂದಾಜಿನ ಮೇಲೆ ನಡೆಯಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿ ಉಳಿದಿರುವ ಮಾತ್ರೆ ಕೊಡಲೇಬೇಡಿ. ಎರಡು ಕಡೆಯಿಂದ ಯಾಕೆ ಅಂದರೆ, ಟ್ಯೂಬಿನ ರಕ್ತದಲ್ಲಿ ಕೈಯ ರಕ್ತಕ್ಕಿಂತ 2 ಗಂಟೆಯಾದರೂ ಮೊದಲು ಬ್ಯಾಕ್ಟೀರಿಯಾ ಬೆಳೆದು ಕಂಡರೆ ಟ್ಯೂಬೇ ಮೂಲ ಅನ್ನುವುದಕ್ಕೆ ಬಲ ಬರುತ್ತದೆ.

ಟ್ಯೂಬಿನ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡು ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ, ಆಟಿಯ ಮಳೆಗೆ ಬಾವಿಕಟ್ಟೆಯ ಕಲ್ಲು ಪಾಚಿ ಹಿಡಿದ ಹಾಗೆ. ಬಯೋಫಿಲ್ಮ್ ಅನ್ನುತ್ತಾರೆ. ಅದರೊಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಮದ್ದು ಸರಿಯಾಗಿ ತಾಗುವುದಿಲ್ಲ. ಡಯಾಲಿಸಿಸ್ ಶುರುವಾಗಿ ಟ್ಯೂಬಿನಲ್ಲಿ ರಕ್ತ ಜೋರಾಗಿ ಹರಿದಾಗ ಅವು ಕಿತ್ತು ರಕ್ತಕ್ಕೆ ಸೇರುತ್ತವೆ. ಮಷಿನ್‌ನಲ್ಲಿ ನಡುಕ, ಮನೆಗೆ ಬಂದರೆ ಸರಿ. ಅಪ್ಪನಿಗೆ ಆದದ್ದೂ ಹೀಗೇ ಅಲ್ವಾ?

ಅಮ್ಮನ ಕಲ್ಚರ್‌ನಲ್ಲಿ ಬಂದದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ಇದು ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂರಬಹುದು ಅಂತ ಹೃದಯದ ಸ್ಕ್ಯಾನ್ (ಎಕೋ) ಮಾಡಿಸಿದರು, ಟ್ಯೂಬನ್ನೂ ತೆಗೆದರು. ಎಲ್ಲರಿಗೂ ತೆಗೆಯಬೇಕು ಅಂತಿಲ್ಲ. ಕೆಲವು ಬ್ಯಾಕ್ಟೀರಿಯಾ ಆದರೆ ಇಂಜೆಕ್ಷನ್ ಜೊತೆಗೆ ಟ್ಯೂಬಿನೊಳಗೂ ಆಂಟಿಬಯೋಟಿಕ್ ತುಂಬಿಸಿ ಇಡುವ ಕ್ರಮ ಉಂಟು. ಅದು ಡಾಕ್ಟರು ನೋಡಿ ಹೇಳಬೇಕಾದ ಮಾತು.

ಕುಂಬಳೆಯಿಂದ:
ಮೇಲೆ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಟ್ಯೂಬಿನ ಕ್ಯಾಪ್ ಬಿಚ್ಚುವಾಗ ಸಿಸ್ಟರಿಗೂ ಮಾಸ್ಕ್ ಇರಬೇಕು, ಅಪ್ಪನಿಗೂ ಇರಬೇಕು. ಕ್ಯಾಪ್ ತೆಗೆದ ಬಾಯಿಯನ್ನು ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹಾಕಿ ಚೆನ್ನಾಗಿ ಉಜ್ಜಬೇಕು. ಗಡಿಬಿಡಿಯಲ್ಲಿ ಮರೆತರೆ ಮೆಲ್ಲ ನೆನಪಿಸಿ, ಸಂಕೋಚ ಬೇಡ, ಜೀವದ ಪ್ರಶ್ನೆ.

ಮನೆಯಲ್ಲಿ ದೊಡ್ಡ ತೊಂದರೆ ಬೆವರು. ನಮ್ಮಲ್ಲಿ ಕರೆಂಟ್ ಹೋದರೆ ಕುತ್ತಿಗೆ ಕೆಳಗಿನ ಪ್ಲಾಸ್ಟರಿನ ಅಂಚು ಸುರುಟಿ ಮೇಲೆ ಬರುತ್ತಿತ್ತು, ಒಳಗಿನ ಗಾಜ್ ಒದ್ದೆ. ಹಾಗೆ ಕಂಡ ದಿನವೇ ಹೋಗಿ ಡ್ರೆಸ್ಸಿಂಗ್ ಬದಲಿಸಿಕೊಂಡು ಬನ್ನಿ. ತಲೆಗೆ ನೀರು ಹಾಕಿ ಸ್ನಾನ ಬೇಡ, ಸೊಂಟದ ಕೆಳಗೆ ನೀರು, ಮೇಲೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರಸಿನ, ಎಣ್ಣೆ ಏನೂ ಹಚ್ಚಬೇಡಿ. ಬೇರೆ ಆಸ್ಪತ್ರೆಗೆ ಹೋದಾಗ ಡಯಾಲಿಸಿಸ್‌ನವರನ್ನು ಕೇಳದೆ ಆ ಟ್ಯೂಬಿನಲ್ಲೇ ಡ್ರಿಪ್ ಹಾಕಲು ಬಿಡಬೇಡಿ.

ಮುಳ್ಳೇರಿಯದಿಂದ:
ನಮ್ಮ ಮಾವನಿಗೆ ಇರುವುದು ಮೂತ್ರದ ಟ್ಯೂಬ್. ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಮನೆಗೇ ಬಂದು ಬದಲಿಸುತ್ತಾರೆ. ಅದರ ಲೆಕ್ಕ ಬೇರೆ. ಒಂದು ತಿಂಗಳು ಟ್ಯೂಬ್ ಇದ್ದರೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತವಂತೆ. ಜ್ವರ, ನೋವು, ಮಂಪರು ಏನೂ ಇಲ್ಲದಿದ್ದರೆ ಬರೀ ರಿಪೋರ್ಟ್ ನೋಡಿ ಮದ್ದು ಕೊಡುವುದಿಲ್ಲ. ಯಾರಾದರೂ ಈ ಮಾತನ್ನು ನಿಮಗೂ ಹೇಳಿ ಸಮಾಧಾನ ಮಾಡಿದರೆ ಕೇಳಬೇಡಿ. ಅಪ್ಪನದ್ದು ನೇರ ರಕ್ತಕ್ಕೆ ಇಳಿದ ಟ್ಯೂಬ್.

ಬದಿಯಡ್ಕದಿಂದ:
ಅಕ್ಕ, ಇನ್ನೊಂದು. ನಮ್ಮ ಕಡೆಯ ಹೆಚ್ಚಿನವರಿಗೆ ಟ್ಯೂಬ್ ಹಾಕುವುದು ಮಂಗಳೂರಿನಲ್ಲಿ, ಡಯಾಲಿಸಿಸ್ ಊರಿನ ಹತ್ತಿರ. ಜ್ವರ ಬಂದಾಗ ಯಾರನ್ನು ಕೇಳುವುದು ಅಂತ ಗೊತ್ತಾಗದೆ ಹೊತ್ತು ಹೋಗುತ್ತದೆ. ಎರಡೂ ಕಡೆಯ ಫೋನ್ ನಂಬರ್, ಟ್ಯೂಬ್ ಹಾಕಿದ ತಾರೀಕು, ಹಳೆಯ ಕಲ್ಚರ್ ರಿಪೋರ್ಟ್ ಒಂದೇ ಫೈಲಿನಲ್ಲಿ ಇಡಿ. ಕೈಗೆ ಫಿಸ್ಟುಲಾ (ಟ್ಯೂಬಿನ ಬದಲು ಡಯಾಲಿಸಿಸ್‌ಗೆ ಅಂತ ಕೈಯ ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸುವುದು) ಮಾಡಿಸಿದ್ದೀರಾ? ಇಲ್ಲದಿದ್ದರೆ ಅದನ್ನೂ ಇವತ್ತೇ ಕೇಳಿ. ಫಿಸ್ಟುಲಾದಲ್ಲಿ ಇನ್‌ಫೆಕ್ಷನ್ ತುಂಬಾ ಕಡಿಮೆ, ಆದರೆ ಬಲಿಯಲು 6 ವಾರದಿಂದ 3 ತಿಂಗಳು ಬೇಕು.

ಪೆರ್ಲದಿಂದ:
ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ, ಎರಡೂ ಕಡೆಯಿಂದ ರಕ್ತ ತೆಗೆಯಬೇಕು ಅಂದರು. ಆಟೋ ಬಂತು, ಹೊರಟೆವು. ಫಿಸ್ಟುಲಾ ಆಗಿಲ್ಲ, ಅದನ್ನೂ ಕೇಳುತ್ತೇನೆ.